ಜಾಲಿಮಡ್ಡಿಯಲ್ಲಿ ಯಾರೂ ಕೈ ಎತ್ತಲಿಲ್ಲ

ಜಾಲಿಮಡ್ಡಿ ನಿಲ್ದಾಣ,
ಫೆಬ್ರವರಿ ಮೂವತ್ತು, 2231

ಮೊದಲ ಹೆಣೆಗಾರರಿಗೆ ಇರುವಂತಿ ಪತ್ತಾರಳ ನಮಸ್ಕಾರಗಳು.

ದಿನಾಂಕ ನೋಡಿ ಹುಬ್ಬೇರಿಸಬೇಡಿ, ಬರೆಯುವಾಗ ಕೈತಪ್ಪಿದ್ದಲ್ಲ. ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತನೆಯ ತಾರೀಖು ಇರಲಿಲ್ಲವೆಂದು ಬಲ್ಲೆ. ಒಂದೊಂದು ತಿಂಗಳು ಒಂದೊಂದು ಉದ್ದವಿದ್ದರೆ ರೈಲುಗಳ ವೇಳೆ ಒಂದು ಅಚ್ಚಿಗೆ ಕೂರುವುದಿಲ್ಲವೆಂದು, ನನ್ನ ಮುತ್ತಜ್ಜಿ ಹುಡುಗಿಯಾಗಿದ್ದ ಕಾಲದಲ್ಲಿ ಎಲ್ಲ ತಿಂಗಳುಗಳನ್ನೂ ಒಂದೇ ಅಳತೆಗೆ ಕತ್ತರಿಸಿದರು. ಮುತ್ತಜ್ಜಿ ಹುಟ್ಟಿದ್ದು ಆಗಸ್ಟ್ ಮೂವತ್ತೊಂದರಂದು. ಆಮೇಲೆ ಪಾಪ ಅವಳು ಹುಟ್ಟುಹಬ್ಬವೇ ಇಲ್ಲದೆ ಬದುಕಿದಳು. ಹಾಗೆ ಕತ್ತರಿಸಿ ಉಳಿದ ದಿನಗಳನ್ನೆಲ್ಲ ಗುಡಿಸಿ ಫೆಬ್ರವರಿಯ ಬೆನ್ನಿಗೆ ಕಟ್ಟಿದ್ದಾರೆ. ಅವಕ್ಕೆ ಬಿಡಿದಿನಗಳೆಂದು ಹೆಸರು. ಬಿಡಿದಿನಗಳಲ್ಲಿ ದೇಶದಲ್ಲಿ ಒಂದು ಬಂಡಿಯೂ ಓಡುವುದಿಲ್ಲ. ಹಳಿ ರಿಪೇರಿಯವರು ಹಳಿ ರಿಪೇರಿ ಮಾಡುತ್ತಾರೆ, ನಮ್ಮಂಥವರು ಮುಂದಿನ ವರ್ಷದ ಹೆಣಿಗೆ ಹಾಕುತ್ತೇವೆ. ನಾಳೆಯಿಂದ ಬಿಡಿದಿನಗಳು ಶುರು.

ನನ್ನ ಮಾತುಗಳು ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ಹೆಣಿಗೆ ಎಂದರೆ ನೀವು ವೇಳಾಪಟ್ಟಿ ಎನ್ನುತ್ತಿದ್ದದ್ದೇ. ಹಾಳೆಯ ಒಂದು ಅಂಚಿಗೆ ಊರುಗಳು, ಇನ್ನೊಂದು ಅಂಚಿಗೆ ಹೊತ್ತು. ಓಡುವ ಪ್ರತಿಯೊಂದು ಬಂಡಿಯೂ ನಡುವೆ ಒಂದು ಓರೆ ಗೆರೆ. ಒಂಟಿ ಹಳಿಯ ದಾರಿಯಲ್ಲಿ ಎದುರುಬದುರು ಬರುವ ಎರಡು ಗೆರೆಗಳು ಎಲ್ಲಿ ಒಂದನ್ನೊಂದು ದಾಟುತ್ತವೋ ಅಲ್ಲಿ ಒಂದು ನಿಲ್ದಾಣ ಇರಲೇಬೇಕು, ಒಂದು ಬಂಡಿ ಪಕ್ಕದ ಹಳಿಗೆ ಸರಿದು ಇನ್ನೊಂದಕ್ಕೆ ದಾರಿ ಬಿಡಬೇಕು. ಇಲ್ಲದಿದ್ದರೆ ಏನಾಗುತ್ತದೆಂದು ನಾನು ಹೇಳಬೇಕಿಲ್ಲ. ಗೆರೆಗಳೆಲ್ಲ ತುಂಬಿದ ಹಾಳೆ ಹೊರಸಿಗೆ ಹಗ್ಗ ಹೆಣೆದ ಹಾಗೆ ಕಾಣುತ್ತದೆ. ಅದಕ್ಕೇ ನಮ್ಮ ಕಸುಬಿಗೆ ಈ ಹೆಸರು ಬಂದಿದೆ. ಹೊಸ ಹೆಣಿಗೆಗೆ ಕೈ ಹಚ್ಚುವ ಮುನ್ನ ಪ್ರತಿಯೊಬ್ಬ ಹೆಣೆಗಾರ, ಈ ಕೆಲಸವನ್ನು ಯಂತ್ರಕ್ಕೆ ಮೊದಲು ಕಲಿಸಿದ ನಿಮಗೆ ಒಂದು ಕಾಗದ ಬರೆದು ಹಳಿಯ ಬದಿಯ ಜಲ್ಲಿಕಲ್ಲಿನ ಕೆಳಗೆ ಇಡುವುದು ವಾಡಿಕೆ. ತಲುಪುತ್ತದೋ ಇಲ್ಲವೋ ಯಾರೂ ಕೇಳುವುದಿಲ್ಲ. ಹೆಚ್ಚಿನವರು ಎರಡು ಸಾಲು ಗೀಚಿ ಕೈ ತೊಳೆದುಕೊಳ್ಳುತ್ತಾರೆ. ನಾನೂ ಇಷ್ಟು ವರ್ಷ ಹಾಗೇ ಮಾಡಿದ್ದೆ. ಈ ಸಲ ಉದ್ದ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ಚಿಗವ್ವ ನೀಲಗಂಗವ್ವ ನನ್ನ ಪಕ್ಕದಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ, ಮತ್ತು ಈ ಸಂಜೆಯ ಬಂಡಿಗೆ ಇಲ್ಲಿ ಯಾರಾದರೊಬ್ಬರು ಕೈ ಎತ್ತದಿದ್ದರೆ ಜಾಲಿಮಡ್ಡಿ ನಿಲ್ದಾಣ ಹೆಣಿಗೆಯಿಂದ ಅಳಿಸಿಹೋಗುತ್ತದೆ.

ಮೊದಲು ನಿಮ್ಮ ಋಣ ಒಪ್ಪಿಕೊಳ್ಳುತ್ತೇನೆ, ಆಮೇಲೆ ಜಗಳ. ನಿಮಗಿಂತ ಮೊದಲು ಯಾವ ಬಂಡಿ ಯಾವುದಕ್ಕೆ ಕಾಯಬೇಕೆಂಬುದನ್ನು ಅನುಭವಸ್ಥರು ರೂಢಿಯ ಮೇಲೆ, ಫೋನಿನ ಮೇಲೆ, ಒಮ್ಮೊಮ್ಮೆ ಸಿಟ್ಟಿನ ಮೇಲೆ ನಿರ್ಧರಿಸುತ್ತಿದ್ದರಂತೆ. ಬಂಡಿಗಳು ಕೈಬೆರಳಿನಷ್ಟಿದ್ದರೆ ಅದು ನಡೆದೀತು. ನೂರಾರು ಬಂಡಿಗಳಿದ್ದಾಗ ಯಾವುದನ್ನು ಎಲ್ಲಿ ತಡೆಯಬೇಕೆಂಬ ಆಯ್ಕೆಗಳು ಎಷ್ಟಾಗುತ್ತವೆಂದರೆ, ಒಂದೊಂದನ್ನೇ ನೋಡುತ್ತ ಕೂತರೆ ಯಂತ್ರಕ್ಕೂ ಆಯುಷ್ಯ ಸಾಲದು. ನೀವು ಎಲ್ಲವನ್ನೂ ನೋಡುವ ಹುಂಬತನ ಮಾಡಲಿಲ್ಲ. ಅರ್ಧ ದಾರಿಯಲ್ಲೇ ಒಂದು ಹೆಣಿಗೆ ಈಗಾಗಲೇ ಕೈಯಲ್ಲಿರುವ ಹೆಣಿಗೆಗಿಂತ ಕಳಪೆಯೆಂದು ಗೊತ್ತಾದರೆ, ಅದರ ಮುಂದಿನ ಕವಲುಗಳನ್ನೆಲ್ಲ ಒಂದೇ ಏಟಿಗೆ ಕತ್ತರಿಸಿ ಎಸೆಯುವುದನ್ನು ಕಲಿಸಿದಿರಿ. ಒಂದು ಗಂಟು ಬಿಗಿಯಾದರೆ ಅಕ್ಕಪಕ್ಕದ ನಾಲ್ಕು ಗೆರೆ ಬಿಚ್ಚಿ ಮತ್ತೆ ಹೆಣೆಯುವುದನ್ನು ಕಲಿಸಿದಿರಿ. ಕೊನೆಗೆ, ಒಳ್ಳೆಯ ಹೆಣಿಗೆ ಎಂದರೆ ಯಾವುದು ಎಂದು ಯಂತ್ರ ಕೇಳಿದಾಗ, ಎಲ್ಲ ಪ್ರಯಾಣಿಕರು ಕಾಯುವ ಹೊತ್ತನ್ನೆಲ್ಲ ಕೂಡಿಸಿದರೆ ಯಾವುದರ ಮೊತ್ತ ಎಲ್ಲಕ್ಕಿಂತ ಕಡಿಮೆಯೋ ಅದೇ ಒಳ್ಳೆಯದು ಎಂದಿರಿ. ಅದರಲ್ಲಿ ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ. ನನಗೂ ಎಷ್ಟೋ ವರ್ಷ ಆಗಲಿಲ್ಲ.

ಅದರಿಂದ ನಮಗೆ ಸಿಕ್ಕ ಜಗತ್ತು ಕೆಟ್ಟದ್ದೇನಲ್ಲ. ಎಣ್ಣೆ ಸುಡುವ ಗಾಡಿಗಳು ನಿಂತುಹೋದ ಮೇಲೆ ದೂರದ ಓಡಾಟಕ್ಕೆಲ್ಲ ಹಳಿಯೇ ಗತಿ; ನಿಮ್ಮ ಹೆಣಿಗೆ ಇಲ್ಲದಿದ್ದರೆ ನಾವು ಊರೂರಲ್ಲಿ ಕೊಳೆಯುತ್ತಿದ್ದೆವು. ಮೂಕಬಂಡಿಗಳು, ಅಂದರೆ ಜನರಿಲ್ಲದೆ ತಾವೇ ಓಡುವ ಸಾಮಾನು ಬಂಡಿಗಳು, ಜೋಳ, ಸಿಮೆಂಟು, ಈರುಳ್ಳಿ ಹೊತ್ತು ಗೂಡ್ಸಿನ ಗೆರೆಗಳಲ್ಲಿ ಸದ್ದಿಲ್ಲದೆ ಸರಿಯುತ್ತವೆ. ಲೇಟು ಎಂಬ ಮಾತನ್ನು ನಮ್ಮ ಎಳೆಯರಿಗೆ ವಿವರಿಸಿ ಹೇಳಬೇಕು. ಮುಹೂರ್ತ ಇಡುವವರು ಪಂಚಾಂಗ ಬಿಚ್ಚುವ ಮುನ್ನ ಹೆಣಿಗೆ ಬಿಚ್ಚುತ್ತಾರೆ. ಗುರುಬಲ ಇದ್ದು ಬಂಡಿ ಇಲ್ಲದಿದ್ದರೆ ಬೀಗರು ಬರುವುದು ಹೇಗೆ? ಕಾಯುವವರೇ ಇಲ್ಲವೆಂದು ನಿಲ್ದಾಣಗಳ ಬೆಂಚುಗಳನ್ನು ಕಿತ್ತು ಹಾಕಿದ್ದಾರೆ. ನಾನೂ ಚಿಗವ್ವನೂ ಈಗ ಕೂತಿರುವುದು ಹಳೆಯ ನೀರಿನ ತೊಟ್ಟಿಯ ಕಟ್ಟೆಯ ಮೇಲೆ. ಚಹಾ ಮಾರುವವರೂ ಇಲ್ಲ. ಬಂಡಿ ನಿಲ್ಲುವಷ್ಟು ಹೊತ್ತಿನಲ್ಲಿ ಬಿಸಿ ಚಹಾ ಕುಡಿದರೆ ನಾಲಿಗೆ ಸುಡುತ್ತದೆಂದು ಅವರೆಲ್ಲ ಜಗಿಯುವ ಚಹಾದ ಗುಳಿಗೆ ಮಾರತೊಡಗಿದರು, ಅದನ್ನು ಜಗಿದವರು ಮತ್ತೆ ಕೊಳ್ಳಲಿಲ್ಲ.

ಇನ್ನು ಜಾಲಿಮಡ್ಡಿಯ ವಿಷಯ. ಇಂಥ ಸಣ್ಣ ಊರುಗಳಲ್ಲಿ ಬಂಡಿ ತಾನಾಗಿ ನಿಲ್ಲುವುದಿಲ್ಲ. ಪ್ಲಾಟ್‌ಫಾರ್ಮಿನ ಅಂಚಿಗೆ ಕೈಗಂಬ ಎಂದೊಂದು ಕಂಬವಿದೆ, ಅದರ ತುದಿಗೆ ಒಂದು ಕಣ್ಣು. ನಿಂತವರಲ್ಲಿ ಯಾರಾದರೂ ಕೈ ಎತ್ತಿದರೆ ಆ ಕಣ್ಣು ನೋಡಿ, ತಿರುವಿನಾಚೆ ಬರುತ್ತಿರುವ ಬಂಡಿಗೆ ತಿಳಿಸುತ್ತದೆ, ಬಂಡಿ ನಿಲ್ಲುತ್ತದೆ. ಇದು ನಿಮ್ಮ ಕಾಲದಲ್ಲಿ ಬಸ್ಸಿಗೆ ಕೈ ಮಾಡಿದ ಹಾಗೇ ಇದೆ, ಹೊಸದೇನಲ್ಲ. ಹೊಸದು ಅದರ ಪಕ್ಕದ ಹೊಣೆಫಲಕ. ನೀವು ಕೈ ಎತ್ತಿದರೆ ಬಂಡಿಯಲ್ಲಿರುವ ಎಷ್ಟು ಜನ ನಿಮಗೋಸ್ಕರ ಕಾಯಬೇಕಾಗುತ್ತದೆ ಎಂದು ಅದು ದೊಡ್ಡ ಅಂಕಿಗಳಲ್ಲಿ ತೋರಿಸುತ್ತದೆ. ಮುಂದಿನ ಕೂಡುನಿಲ್ದಾಣಗಳಲ್ಲಿ ಈ ಬಂಡಿಯ ದಾರಿ ನೋಡುವವರೂ ಆ ಅಂಕಿಯಲ್ಲಿ ಸೇರಿರುತ್ತಾರೆ. ಇದನ್ನು ತಂದವರ ಉದ್ದೇಶ ಒಳ್ಳೆಯದೇ. ಜನರಿಗೆ ಲೆಕ್ಕ ಮುಚ್ಚಿಡಬಾರದು, ತಿಳಿದು ನಿರ್ಧರಿಸಲಿ ಎಂದರು. ಆದರೆ ಅವರು ಜಾಲಿಮಡ್ಡಿಯವರನ್ನು ನೋಡಿರಲಿಲ್ಲ.

ನಮ್ಮವರು ದಾಕ್ಷಿಣ್ಯದ ಜನ. ಪರರ ಮನೆಯಲ್ಲಿ ಹಸಿದು ಕೂತರೂ ಉಂಡು ಬಂದೆವೆನ್ನುವವರು, ಗಂಟಲು ಆರಿದರೂ ನೀರು ಕೇಳಲು ಹಿಂದೆಮುಂದೆ ನೋಡುವವರು. ಫಲಕ ಬಂದ ಹೊಸದರಲ್ಲೇ ಒಬ್ಬೊಬ್ಬರ ಮುಖ ಸಣ್ಣದಾಗತೊಡಗಿತು. ಹಲ್ಲು ನೋವೆಂದು ಹೊರಟಿದ್ದ ಮೇಷ್ಟ್ರು ಅಂಕಿ ನೋಡಿ, "ನಂದೇನ ಅಂಥಾ ಕೆಲಸ ಇಲ್ಲ ತಗೀ, ಲವಂಗ ಇಟಗೊಂಡ್ರ ಆತು" ಎಂದು ಮನೆಗೆ ಮರಳಿದರು. ಮಗಳ ಬಾಣಂತನಕ್ಕೆ ಹೊರಟವಳು ಇನ್ನೊಬ್ಬರ ಜೊತೆಯಾಗಲಿ, ಇಬ್ಬರ ಸಲುವಾಗಿ ಒಮ್ಮೆಯೇ ನಿಲ್ಲಲಿ ಎಂದು ಕಾದಳು. ಜೊತೆ ಸಿಗುವಷ್ಟರಲ್ಲಿ ಕೂಸು ಅಂಬೆಗಾಲಿಡುತ್ತಿತ್ತು. ಹೊಳೆಯಾಚೆಯ ಕಲ್ಲಹಟ್ಟಿಯವರಿಗೆ ಈ ಕಾಟವಿಲ್ಲ. ಅವರು ಫಲಕದ ಕಡೆ ಬೆನ್ನು ಹಾಕಿ, ಕ್ಷೌರಕ್ಕೆ ಹೋಗಲೂ ಕೈ ಎತ್ತುತ್ತಾರೆ. ಯಂತ್ರ ಪ್ರತಿ ವರ್ಷ ಎತ್ತಿದ ಕೈಗಳನ್ನು ನೋಡಿ, ಯಾವ ಊರಿಗೆ ಬಂಡಿ ಎಷ್ಟು ಬೇಕೆಂದು ತಿಳಿಯುತ್ತದೆ. ಕಲ್ಲಹಟ್ಟಿಗೆ ಬಂಡಿಗಳು ಹೆಚ್ಚಿದವು. ನಮಗೆ ಬೆಳಗಿನದು ಹೋಯಿತು, ಆಮೇಲೆ ಮಧ್ಯಾಹ್ನದ್ದು. ಉಳಿದ ಒಂದೇ ಬಂಡಿಯಲ್ಲಿ ಜನ ತುಂಬಿದರು, ಫಲಕದ ಅಂಕಿ ಇನ್ನೂ ಊದಿಕೊಂಡಿತು. ಊದಿದ ಅಂಕಿ ನೋಡಿ ಕೈಗಳು ಇನ್ನೂ ಕೆಳಗಿಳಿದವು. ಈ ಹೆಣಿಗೆಯ ವರ್ಷದಲ್ಲಿ ಜಾಲಿಮಡ್ಡಿಯಿಂದ ಒಂದು ಕೈಯೂ ಎದ್ದಿಲ್ಲ. ವರ್ಷವಿಡೀ ಒಂದೂ ಕೈ ಎತ್ತದ ಊರಿಗೆ ಬಂಡಿ ಬೇಕಿಲ್ಲ ಎಂಬುದು ನಿಯಮ.

ನಾನು ಹೆಣೆಗಾರರ ಮನೆಯಲ್ಲಿ, ಅಂದರೆ ನಮ್ಮ ಕಚೇರಿಯಲ್ಲಿ, ಇದನ್ನು ಎತ್ತಿ ವಾದಿಸಿದೆ. ನಮ್ಮ ಹಿರಿಯರು ಕಟುಕರೇನಲ್ಲ, ತಾಳ್ಮೆಯಿಂದ ಕೇಳಿದರು. "ಬಂದವರನ್ನ ಎಣಸಬಹುದು ಇರುವಂತಿ, ಬಾರದವರನ್ನ ಎಲ್ಲಿ ನಿಂತು ಎಣಸಲಿ?" ಎಂದರು. ನಾನೇ ಕೈ ಎತ್ತೋಣವೆಂದರೆ ಹೆಣೆಗಾರರ ಕೈಯನ್ನು ಕೈಗಂಬ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಊರಿಗೆ ನಾವೇ ಬಂಡಿ ಬರೆದುಕೊಂಡೇವೆಂಬ ಅಂಜಿಕೆ, ಅದು ನ್ಯಾಯವೇ. ಅದಕ್ಕೆ ಇಲ್ಲಿಗೆ ಬಂದು ಮನೆಮನೆ ತಿರುಗಿ, ಇವತ್ತೊಂದು ದಿನ ಯಾರಾದರೂ ಕೈ ಎತ್ತಿ ಮುಂದಿನ ಊರಿಗಾದರೂ ಹೋಗಿ ಬನ್ನಿ ಎಂದು ಬೇಡಿಕೊಂಡೆ. ಎಲ್ಲರೂ ರೊಟ್ಟಿ, ಮೊಸರು ಕೊಟ್ಟು ಉಪಚರಿಸಿದರು. ಕೆಲಸವಿಲ್ಲದೆ ಅಷ್ಟು ಜನರನ್ನು ತಡೆದು ನಿಲ್ಲಿಸುವ ಮಾತಿಗೆ ಮಾತ್ರ ಒಬ್ಬರೂ ಒಪ್ಪಲಿಲ್ಲ. ಬದಲಿಗೆ ಎಲ್ಲರೂ ಬಂಡಿಯನ್ನು ಬೀಳ್ಕೊಡಲು ಬರುತ್ತೇವೆಂದರು. ಬಂದೂ ಬಂದಿದ್ದಾರೆ. ಇಡೀ ಊರು ಮಡಿಸಿಟ್ಟಿದ್ದ ಬಟ್ಟೆ ಉಟ್ಟು ಪ್ಲಾಟ್‌ಫಾರ್ಮಿನ ಮೇಲೆ ಕೈ ಕಟ್ಟಿ ನಿಂತಿದೆ. ಇಷ್ಟು ಜನ ಇಲ್ಲಿ ನೆರೆದದ್ದನ್ನು ನಾನು ನೋಡಿದ್ದೇ ಇಲ್ಲ, ಆದರೂ ಯಂತ್ರದ ಪಾಲಿಗೆ ಇಲ್ಲಿ ಯಾರೂ ಇಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಈ ಕಾಗದ ಬರೆಯುತ್ತ ಕೂತಿದ್ದೇನೆ.

ಚಿಗವ್ವನ ಸಂಗತಿ ಹೇಳಿಬಿಡುತ್ತೇನೆ, ಹೇಳದೆ ಮನಸ್ಸು ತಡೆಯದು. ಅವಳಿಗೊಬ್ಬ ಗೆಳತಿಯಿದ್ದಳು, ಮಾಬೂಬಿ. ಇಬ್ಬರೂ ಇದೇ ಊರಲ್ಲಿ ಒಂದೇ ಓಣಿಯಲ್ಲಿ ಬೆಳೆದವರು. ಮಾಬೂಬಿ ಮದುವೆಯಾಗಿ ನಾಲ್ಕು ನಿಲ್ದಾಣ ಆಚೆಯ ಹೊಳೆಸಾಲಿಗೆ ಹೋದಳು. ಎಳೆತನದಿಂದ ಒಬ್ಬರ ತಲೆಗೆ ಒಬ್ಬರು ಎಣ್ಣೆ ಹಚ್ಚುವುದು ಅವರ ರೂಢಿ, ಮದುವೆಯಾದ ಮೇಲೂ ಬಂಡಿಯಲ್ಲಿ ಹೋಗಿಬಂದು ಅದನ್ನು ನಡೆಸಿಕೊಂಡು ಬಂದಿದ್ದರು. ಹೋದ ಮಳೆಗಾಲದಲ್ಲಿ ಮಾಬೂಬಿ ಹಾಸಿಗೆ ಹಿಡಿದಳು. ಧ್ವನಿಪೆಟ್ಟಿಗೆಯಲ್ಲಿ, ಅಂದರೆ ನಿಮ್ಮ ಫೋನಿನಂಥದ್ದರಲ್ಲಿ, ದಿನವೂ ಮಾತಾಗುತ್ತಿತ್ತು. ದೂರದ ಮಾತಿಗೆ ನಮ್ಮಲ್ಲೇನೂ ಕೊರತೆಯಿಲ್ಲ. ಆದರೆ ಮಾಬೂಬಿ, "ಮಾತ ಸಾಕವ್ವ ನೀಲಾ, ಒಂದ ಸಲ ಬಂದ ಹೋಗ. ನಿನ್ನ ಕೈಲೆ ಎಣ್ಣಿ ಹಚ್ಚಿಸ್ಕೋಬೇಕಾಗೇತಿ" ಎನ್ನುತ್ತಿದ್ದಳು. ಚಿಗವ್ವ ನಾಳೆ ಬರುತ್ತೇನೆ ಎನ್ನುತ್ತಿದ್ದಳು. ಸುಳ್ಳು ಹೇಳುತ್ತಿರಲಿಲ್ಲ. ಪ್ರತಿ ಸಂಜೆ ಕುಸುಬಿ ಎಣ್ಣೆಯ ಬಾಟಲಿ ಚೀಲಕ್ಕೆ ಹಾಕಿಕೊಂಡು ಇದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದಳು. ಬಂಡಿ ಹೋಗುವುದನ್ನು ನೋಡಿ ಚೀಲ ಹಿಡಿದು ಮನೆಗೆ ಮರಳುತ್ತಿದ್ದಳು. ಹಬ್ಬದ ದಿನಗಳಲ್ಲಿ ಬಂಡಿ ಖಾಲಿಯಿದ್ದೀತು, ಅಂಕಿ ಇಳಿದೀತು ಎಂದು ಆಸೆಪಟ್ಟು ಹಬ್ಬದ ಅಡುಗೆ ಬಿಟ್ಟೂ ಬಂದು ನಿಂತಿದ್ದಳಂತೆ. ಚಳಿಗಾಲ ಮುಗಿಯುವ ಮುನ್ನ ಮಾಬೂಬಿ ತೀರಿಕೊಂಡಳು. ಮಣ್ಣಿಗೂ ಚಿಗವ್ವ ಹೋಗಲಿಲ್ಲ.

ಯಾಕೆ ಹೀಗೆ ಮಾಡಿದೆಯೆಂದು ನಾನು ಬಂದ ದಿನ ಸಿಟ್ಟಿನಿಂದಲೇ ಕೇಳಿದೆ. "ಹೋಗಬೇಕಂತನ ಬರತಿದ್ದೆ, ಖರೇನ. ಆ ಫಲಕ ನೋಡಿದಮ್ಯಾಲ ಕೈ ಏಳತಿರಲಿಲ್ಲವ್ವ. ಅಷ್ಟ ಮಂದಿ ಒಳಗ ಯಾರಿಗೆ ಎಂಥಾ ಅವಸರ ಇರತೈತೋ ಏನೋ. ನನ್ನೊಬ್ಬಾಕಿ ಸಲವಾಗಿ ಅವರನ್ನ ನಿಂದರಸೋದ?" ಎಂದಳು. ಇವತ್ತೂ ಅವಳು ಆ ಚೀಲ ಹಿಡಿದೇ ಬಂದಿದ್ದಾಳೆ, ಎಣ್ಣೆ ಬಾಟಲಿಯೂ ಒಳಗಿದೆ. ಯಾಕೆ ತಂದೆ ಎಂದರೆ, ರೂಢಿ ಬಿದ್ದಿದೆ ಎನ್ನುತ್ತಾಳೆ.

ತಿರುವಿನ ಕಡೆ ಹಳಿ ಸದ್ದು ಮಾಡುತ್ತಿದೆ. ಉಳಿದದ್ದನ್ನು ಬಂಡಿ ಹೋದ ಮೇಲೆ ಬರೆಯುತ್ತೇನೆ.

ಬಂಡಿ ಬಂದು ಹೋಯಿತು.

ಸದ್ದು ಹತ್ತಿರವಾದಾಗ ಊರವರೆಲ್ಲ ಕೈ ಕಟ್ಟಿಕೊಂಡೇ ಪ್ಲಾಟ್‌ಫಾರ್ಮಿನ ಅಂಚಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಎಲ್ಲರ ಕಣ್ಣೂ ಒದ್ದೆ. ಚಿಗವ್ವ ಎದ್ದು ನಿಂತಳು. ಅವಳ ಮದುವೆಯ ದಿಬ್ಬಣ ಇಳಿದದ್ದು ಇದೇ ಬಂಡಿಯಿಂದ, ಮಾಬೂಬಿಯನ್ನು ಗಂಡನ ಮನೆಗೆ ಹತ್ತಿಸಿ ಕಳಿಸಿದ್ದೂ ಇದೇ ಬಂಡಿಗೆ. ತಾನೇನು ಮಾಡುತ್ತಿದ್ದೇನೆಂದು ಅವಳಿಗೇ ಅರಿವಿರಲಿಲ್ಲವೆಂದು ಕಾಣುತ್ತದೆ. ಊರಿಗೆ ಹೊರಟ ನೆಂಟರಿಗೆ ಮಾಡುವ ಹಾಗೆ ಬಂಡಿಯ ಕಡೆ ಮೆಲ್ಲಗೆ ಕೈ ಬೀಸಿದಳು.

ಕೈಗಂಬದ ಕಣ್ಣಿಗೆ ಎತ್ತಿದ ಕೈ ಎತ್ತಿದ ಕೈಯೇ. ಹಸಿರು ದೀಪ ಹೊತ್ತಿತು. ಚಿಗವ್ವ ಬೆಂಕಿ ಮುಟ್ಟಿದವಳಂತೆ ಕೈ ಕೆಳಗಿಳಿಸಿ ಸೆರಗಿನಲ್ಲಿ ಮುಚ್ಚಿಕೊಂಡಳು. ಆಗಲೇ ಬಂಡಿ ವೇಗ ಕಳೆದುಕೊಳ್ಳುತ್ತಿತ್ತು. ಅದು ಅವಳೆದುರೇ ಬಂದು ನಿಂತಿತು, ಬಾಗಿಲು ತೆರೆಯಿತು, ಕಿಟಕಿ ತುಂಬ ಮುಖಗಳು. "ತಪ್ಪಾತ್ರಿ, ನಾ ನಿಮ್ಮನ್ನ ನಿಂದರಸಲಿಲ್ಲರಿ, ಹೋಗ್ರಿ ನೀವು" ಎಂದು ಚಿಗವ್ವ ಕೈಮುಗಿದು ಹೇಳತೊಡಗಿದಳು. ನಾನು ಅವಳ ರಟ್ಟೆ ಹಿಡಿದು ಹತ್ತು ಎಂದೆ. ಅವಳು ನನ್ನನ್ನೂ, ಕಿಟಕಿಯ ಮುಖಗಳನ್ನೂ ನೋಡಿದಳು. ಇಷ್ಟು ಜನರನ್ನು ನಿಲ್ಲಿಸಿ ಈಗ ಹತ್ತದಿದ್ದರೆ ಅವರಿಗೆ ಅವಮಾನ ಮಾಡಿದ ಹಾಗಾಗುತ್ತದೆ ಎಂಬುದು ಅವಳ ಮುಖದ ಮೇಲೆ ಓದುವಷ್ಟು ಸ್ಪಷ್ಟವಾಗಿತ್ತು. ಇಷ್ಟು ದಿನ ಅವಳನ್ನು ಕಟ್ಟಿಹಾಕಿದ್ದ ದಾಕ್ಷಿಣ್ಯವೇ ಅವಳನ್ನು ಬಾಗಿಲಿಗೆ ನೂಕಿತು.

ಗಡಿಬಿಡಿಯಲ್ಲಿ ಅವಳ ಕಾಲು ಮೆಟ್ಟಿಲಿಗೆ ತಗುಲಿತು. ಬಾಗಿಲಲ್ಲಿ ನಿಂತಿದ್ದ ಯಾರೋ ಒಬ್ಬ ಹೆಂಗಸು ಬಗ್ಗಿ, "ಚೀಲ ಇತ್ತ ಕೊಡ್ರಿ ಯಮ್ಮಾ" ಎಂದು ಕೈ ಚಾಚಿದಳು. ಹಿಂದಿನಿಂದ ಒಬ್ಬ ಗಂಡಸು, "ಸಾವಕಾಶ ಹತ್ರಿ. ನಮಗೇನ ಅವಸರಿಲ್ಲ" ಎಂದ. ಒಳಗೆ ಕೂತವರು ಒತ್ತಾಗಿ ಸರಿದು ಅವಳಿಗೊಂದು ಜಾಗ ಮಾಡುತ್ತಿದ್ದದ್ದು ಕಿಟಕಿಯಿಂದ ಕಂಡಿತು. ಒಬ್ಬರೂ ಮೂಗು ಮುರಿಯಲಿಲ್ಲ. ಫಲಕದ ಮೇಲೆ ಇಷ್ಟು ಜನ ನಿಮಗೋಸ್ಕರ ಕಾಯುತ್ತಿದ್ದಾರೆಂಬ ಅಂಕಿ ಇನ್ನೂ ಕೆಂಪಗೆ ಉರಿಯುತ್ತಲೇ ಇತ್ತು.

ಬಾಗಿಲು ಮುಚ್ಚುವ ಮುನ್ನ ಚಿಗವ್ವ ತಿರುಗಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಂತೋಷವಿರಲಿಲ್ಲ.

"ಯಾರೂ ಏನೂ ಅನ್ನಲಿಲ್ಲಲ್ಲ, ಇರುವಂತಿ" ಎಂದಳು.

ಆ ಮಾತು ನನ್ನ ಕಿವಿಯಿಂದ ಹೋಗುತ್ತಿಲ್ಲ. ಮಳೆಗಾಲದಿಂದ ಚಳಿಗಾಲದವರೆಗೆ ಅವಳು ಇಲ್ಲಿ ನಿಂತು, ಒಳಗಿನ ಜನರ ಪರವಾಗಿ ತನ್ನನ್ನೇ ಬೈದುಕೊಂಡು ಮರಳಿದ್ದಳು. ಅವರು ಬೈಯುವವರೇ ಆಗಿರಲಿಲ್ಲ. ಅವರ ಕಾಯುವಿಕೆಯನ್ನು ನಾವು ಕೂಡಿಸಿದೆವು, ಅಂಕಿ ಮಾಡಿದೆವು, ಕಂಬಕ್ಕೆ ನೇತುಹಾಕಿದೆವು. ಒಬ್ಬ ಮುದುಕಿಗೋಸ್ಕರ ಸ್ವಲ್ಪ ಕಾದರೆ ನಿಮಗೆ ಬೇಸರವೇ ಎಂದು ಅವರನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಮಾಬೂಬಿಯ ತಲೆಗೆ ಎಣ್ಣೆ ಸಿಗುತ್ತಿತ್ತು.

ನಿಲ್ದಾಣ ಇನ್ನೊಂದು ಹೆಣಿಗೆಗೆ ಉಳಿಯಿತು. ಊರವರು ನನ್ನ ಸುತ್ತ ನಿಂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಮನೆಗಳಿಗೆ ಹೋದರು. ಪ್ರತಿಯೊಬ್ಬರೂ ತಾವು ಹೋಗದೆ ಬಿಟ್ಟ ಊರುಗಳನ್ನು ನೆನೆಯುತ್ತಿದ್ದರೆಂದು ನನ್ನ ಭಾವನೆ. ನಾಳೆಯಿಂದ ಬಂಡಿಗಳಿಲ್ಲ, ಬಿಡಿದಿನಗಳು ಕಳೆಯುವವರೆಗೆ ಚಿಗವ್ವ ಹೊಳೆಸಾಲಿನಲ್ಲೇ ಇರಬೇಕು. ನಾನು ಧ್ವನಿಪೆಟ್ಟಿಗೆಯಲ್ಲಿ ತಿಳಿಸಿದ್ದಕ್ಕೆ ಮಾಬೂಬಿಯ ಮಗಳು ಅವಳನ್ನು ಇಳಿಸಿಕೊಳ್ಳಲು ಬರುತ್ತೇನೆಂದಿದ್ದಾಳೆ. ಗೋರಿಯ ಹತ್ತಿರ ಕೂತು ಚಿಗವ್ವ ಆ ಬಾಟಲಿಯನ್ನು ಏನು ಮಾಡುತ್ತಾಳೋ ನನಗೆ ಊಹಿಸಲು ಧೈರ್ಯವಿಲ್ಲ.

ನಿಮ್ಮನ್ನು ದೂರಬೇಕೆಂದು ಬರೆಯಲು ಕೂತಿದ್ದೆ, ಈಗ ಕೇಳಿಕೊಳ್ಳುತ್ತಿದ್ದೇನೆ. ಒಳ್ಳೆಯ ಹೆಣಿಗೆ ಎಂದರೆ ಯಾವುದೆಂದು ಯಂತ್ರ ಮೊದಲ ಸಲ ಕೇಳುವ ದಿನ ನಿಮ್ಮಲ್ಲಿ ಇನ್ನೂ ಬಂದಿಲ್ಲದಿದ್ದರೆ, ಉತ್ತರ ಕೊಡುವ ಮುನ್ನ ಎದ್ದು ಹೊರಗೆ ಬನ್ನಿ. ಹತ್ತಿರದ ನಿಲ್ದಾಣಕ್ಕೆ ಹೋಗಿ, ತಡೆದು ನಿಂತ ಬಂಡಿಯೊಂದನ್ನು ಹತ್ತಿ, ಒಳಗೆ ಕೂತವರನ್ನು ಮಾತಾಡಿಸಿ. ಹಾಗೆಯೇ ಪ್ಲಾಟ್‌ಫಾರ್ಮಿನ ಕಡೆಗೂ ಒಮ್ಮೆ ನೋಡಿ. ಅಲ್ಲಿ ಚೀಲ ಹಿಡಿದು, ಕೈ ಕೆಳಗಿಟ್ಟುಕೊಂಡು ನಿಂತವಳು ಯಾರಾದರೂ ಇದ್ದರೆ, ಅವಳು ಕೇಳದಿದ್ದರೂ ಬಂಡಿ ನಿಲ್ಲಿಸಿ.

ಕತ್ತಲಾಗುತ್ತಿದೆ, ಈ ಕಾಗದವನ್ನು ಜಲ್ಲಿಯ ಕೆಳಗೆ ಇಡುತ್ತೇನೆ. ಇನ್ನು ಅಪ್ಪಣೆ ಕೊಡಿ.

ನಿಮ್ಮ ಕಸುಬಿನ ಕೊನೆಯ ಎಳೆಗಳಲ್ಲೊಬ್ಬಳು,
ಇರುವಂತಿ ಪತ್ತಾರ